ದಂಡೆಗೇರಿಸಿದ ದೋಣಿಗಳು

ಗಣಪಯ್ಯನವರೇ, ನೀವು ಹರಪನಹಳ್ಳಿಯ ನಮ್ಮ ಮನೆಗೆ ಬಂದ ದಿನ ನಾನು ಒಳಗೇ ಇದ್ದೆ. ಅಡುಗೆಮನೆಯಲ್ಲಿ, ಜೋಳದ ಚೀಲಕ್ಕೆ ಒರಗಿ, ಉಸಿರು ಬಿಗಿಹಿಡಿದು ನಿಂತಿದ್ದೆ. ಊರಲ್ಲಿಲ್ಲ ಎಂದು ಹೆಂಡತಿಯಿಂದ ಹೇಳಿಸಿದವನು ನಾನೇ.

ಎಂಟು ವರ್ಷವಾಯಿತು. ಈಗಲಾದರೂ ಪೂರ್ತಿ ಹೇಳಿಬಿಡುತ್ತೇನೆ.

ದೇಶದ ಕರಾವಳಿಯುದ್ದಕ್ಕೂ ಸಮುದ್ರದ ಸಂರಕ್ಷಿತ ಪ್ರದೇಶಗಳನ್ನು ಗುರುತಿಸಿ ಒಂದೇ ಯೋಜನೆಯಡಿ ತರಬೇಕೆಂದು ಸರ್ಕಾರ ಪಟ್ಟಿ ಮಾಡಿಸುತ್ತಿದ್ದ ಕಾಲ ಅದು—ತೊಂಬತ್ತರ ದಶಕದ ಕೊನೆ. ಹಡಗಲಿ ಕಡೆಯ ಕೆರೆಗಳಿಗೆ ಮೀನುಮರಿ ಬಿಡಿಸುತ್ತಿದ್ದ ನನ್ನನ್ನು, ಜನ ಸಾಲದೆಂದು, ಮೀನುಗಾರಿಕೆ ಇಲಾಖೆಯವರು ಕಡಲ ದಂಡೆಯ ನಿಮ್ಮೂರಿಗೆ ಕಳಿಸಿದರು. ಯಾವ ನೀರಿನಲ್ಲಿ ಯಾರೂ ಮೀನು ಹಿಡಿಯುವುದಿಲ್ಲವೋ ಅದನ್ನು ಗುರುತಿಸಬೇಕಿತ್ತು; ಪಟ್ಟಿಗೆ ಸೇರಿದರೆ ಮುಂದೆಯೂ ಅಲ್ಲಿ ಬಲೆ ಹಾಕುವಂತಿರಲಿಲ್ಲ.

ಸುರಿಯುವ ಆಷಾಢದಲ್ಲಿ ಬಂದೆ. ದೋಣಿಗಳೆಲ್ಲ ಮರಳಿನ ಮೇಲೆ, ತೆಂಗಿನ ಗರಿ ಹೊದ್ದು ಕೂತಿದ್ದವು. ನಮ್ಮ ಕಡೆ ಮಳೆ ಬಂದು ಕೆರೆ ತುಂಬಿದರೆ ತೆಪ್ಪ ನೀರಿಗಿಳಿಯುತ್ತದೆ. ಮಳೆಗಾಲದಲ್ಲಿ ದಂಡೆಯ ಮೇಲಿರುವುದು ಕಸುಬು ಬಿಟ್ಟವನ ತೆಪ್ಪ. ಆ ದಿನಗಳಲ್ಲಿ ಕಡಲಿಗೆ ಇಳಿಯಬಾರದೆಂಬುದು ನಿಮ್ಮೂರಿನ ಮಗುವಿಗೂ ಗೊತ್ತು—ಅಲ್ಲಿಯವರೆಗೆ ಕಡಲನ್ನೇ ಕಾಣದ ನನಗೆ ಗೊತ್ತಿರಲಿಲ್ಲ.

ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಿರಿ. ನೀವೇ ಕರೆದು ಚಹಾ ಕೊಟ್ಟಿರಿ. ಚಹಾ ಕುಡಿದೆ, ನಮ್ಮ ಮಂಡಕ್ಕಿ-ಮೆಣಸಿನಕಾಯಿಯ ಬಗ್ಗೆ ಕೊಚ್ಚಿಕೊಂಡೆ, "ನಮ್ಮೂರಿಗೆ ಬರ್ರಿ" ಎಂದೆ, ಅದೇ ಸಂಜೆ ಬಸ್ಸು ಹತ್ತಿದೆ. ವರದಿಯಲ್ಲಿ ಬರೆದದ್ದು—ಮೂರು ದಿನ ಸ್ಥಳೀಯರನ್ನು ವಿಚಾರಿಸಲಾಗಿದೆ, ಇಲ್ಲಿ ಮೀನುಗಾರಿಕೆ ನಿಂತುಹೋಗಿದೆ. ದೋಣಿಗಳ ವಿಷಯ ತಿಳಿಯದೆ ಆದದ್ದು. ಆ ಮೂರು ದಿನ ಮಾತ್ರ ಬೇಕೆಂದೇ ಬರೆದ ಸುಳ್ಳು.

ವರದಿಯ ಸುದ್ದಿ ಕಿವಿಗೆ ಬಿದ್ದು ನೀವು ನನ್ನ ಮನೆ ಹುಡುಕಿಕೊಂಡು ಬಂದಿರಿ. ಅದು ತಪ್ಪೆಂದು ನನ್ನ ಕೈಯಿಂದ ಒಂದು ಸಾಲು ಬೇಕಿತ್ತು. ಬರೆದುಕೊಟ್ಟರೆ ಎಲ್ಲ ಬಯಲಾಗುತ್ತಿತ್ತು, ಕೈಗೆ ಬಂದಿದ್ದ ಬಡ್ತಿ— ಬೇಡ, ಅದನ್ನೆಲ್ಲ ಹೇಳಿ ಏನು ಪ್ರಯೋಜನ. ಹೆದರಿದೆ, ಅಷ್ಟೆ.

ನೀವು ಹೋದಮೇಲೆ ಹೆಂಡತಿ ಅಡುಗೆಮನೆಗೆ ಬಂದಳು. "ಅವ್ರು ಏನ್ ಕೇಳಿದ್ರು ಗೊತ್ತೇನ್ರಿ? ಸಾಹೇಬ್ರು ಆರಾಮ ಅದಾರಲ್ಲ ಅಂತ ಕೇಳಿದ್ರು. ಅಂಥವ್ರಿಗೆ ನನ್ ಬಾಯಿಂದ ಸುಳ್ಳು ಹೇಳಿಸಿದ್ರಲ್ರಿ!" ನೀವು ಕೊಟ್ಟುಹೋದ ಎರಡು ತೆಂಗಿನಕಾಯಿಯನ್ನು ಅವಳು ಒಡೆಯಲೇ ಇಲ್ಲ.

ಕಳೆದ ತಿಂಗಳು ನಿವೃತ್ತನಾದೆ. ನಿಮ್ಮ ಕಡೆ ಕೆಲಸ ಮಾಡುತ್ತಿರುವ ಕೊಟ್ಟೂರಿನ ಗೆಳೆಯನಿಗೆ ಧೈರ್ಯ ಮಾಡಿ ಫೋನ್ ಮಾಡಿದೆ. ಮರುವರ್ಷವೇ ಬೇರೆಯವರು ಬೇಸಿಗೆಯಲ್ಲಿ ಬಂದು ನೋಡಿದರಂತೆ, ನೀವೆಲ್ಲ ಸೇರಿ ಮಾತಾಡಿದಿರಂತೆ, ನಿಮ್ಮ ನೀರನ್ನು ಪಟ್ಟಿಯಿಂದ ಕೈಬಿಟ್ಟರಂತೆ. "ಈಗ್ಲೂ ಅಲ್ಲೇ ಮೀನು ಹಿಡೀತಾರಲೇ" ಎಂದ. ಫೋನ್ ಇಟ್ಟು ಅತ್ತುಬಿಟ್ಟೆ, ಗಣಪಯ್ಯನವರೇ. ಎಷ್ಟು ಹಗುರವಾಯಿತೆಂದರೆ, ಅಂದು ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ಉಂಡೆ. ನಿಮ್ಮ ಒಲೆ ಆರಲಿಲ್ಲ. ಆರದಂತೆ ನೋಡಿಕೊಂಡವರು ನೀವೇ, ನಾನಲ್ಲ.

ಆದರೆ ನನ್ನ ವರದಿ ಇನ್ನೂ ಕಡತದಲ್ಲಿದೆಯಂತೆ. ಅದಕ್ಕೇ ನಿನ್ನೆ ಇಲಾಖೆಗೆ ಬರೆದೆ—ನಾನು ಅಲ್ಲಿದ್ದದ್ದು ಒಂದೇ ಮಧ್ಯಾಹ್ನ, ಯಾರನ್ನೂ ಕೇಳಲಿಲ್ಲ, ವರದಿ ಸುಳ್ಳು. ವಿಚಾರಣೆ ನಡೆದರೆ ನಡೆಯಲಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಸಹಿ ಮಾಡಿದ ಪ್ರತಿ ಇದರ ಜೊತೆಗಿದೆ. ಮತ್ತೆ ಯಾರಾದರೂ ನಿಮ್ಮ ನೀರಿಗೆ ಗೆರೆ ಎಳೆಯಲು ಬಂದರೆ ಅವರ ಮುಂದೆ ಇಡಿ.