ದಾರಿ ಇದ್ದ ಪಾಲು

ಬೆಳಿಗ್ಗೆ ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ ನಮ್ಮ ಮನೆಯಲ್ಲಿ ಮೊದಲು ಬರುವುದು ಕಪ್ಪು ಪರದೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಎರಡು ಸಾಲು. ಮೇಲಿನದು ಲಿನಕ್ಸ್, ಕೆಳಗಿನದು ವಿಂಡೋಸ್, ಒಂದೇ ಯಂತ್ರವನ್ನು ನಡೆಸುವ ಎರಡು ಬೇರೆ ಬೇರೆ ವ್ಯವಸ್ಥೆ. ಅಡಿಯಲ್ಲಿ ಹತ್ತು, ಒಂಬತ್ತು, ಎಂಟು ಎಂದು ಎಣಿಕೆ ಇಳಿಯುತ್ತಾ ಬರುತ್ತದೆ. ಸೊನ್ನೆ ಮುಟ್ಟುವುದರೊಳಗೆ ಬಾಣದ ಗುಂಡಿ ಒತ್ತಿ ಕೆಳಗಿನ ಸಾಲಿಗೆ ಇಳಿದರೆ ವಿಂಡೋಸ್ ಏಳುತ್ತದೆ, ಸುಮ್ಮನೆ ಕೂತರೆ ಲಿನಕ್ಸ್. ಇವತ್ತು ಒಲೆಯ ಮೇಲೆ ಹಾಲಿಟ್ಟು ಬಂದವನು ಈ ಎಣಿಕೆ ನೋಡುತ್ತಾ ನಿಂತುಬಿಟ್ಟೆ. ಸೀದ ವಾಸನೆ ಬಂದಾಗಲೇ ಹಾಲಿನ ನೆನಪಾದದ್ದು. ಒಲೆ ಒರೆಸುತ್ತಾ, ಈ ಎರಡು ಸಾಲಿನ ಕತೆಯನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಮನೆಯಲ್ಲಿ ಬೇರೆ ಯಾರೂ ಇಲ್ಲ, ಅದಕ್ಕೇ ನಿಮ್ಮನ್ನು ಕೂರಿಸಿಕೊಂಡಿದ್ದೇನೆ.

ನಾನು ಅಜ್ಜಂಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಮೊದಲೆಲ್ಲ ಸಿಕ್ಕವರೆಲ್ಲ ಕೇಳುತ್ತಿದ್ದರು, ಆಗ ಸಿಟ್ಟು ಬರುತ್ತಿತ್ತು. ಐವತ್ತು ದಾಟಿದ ಮೇಲೆ ಕೇಳುವುದನ್ನೇ ಬಿಟ್ಟರು, ಆಗ ಇನ್ನೂ ಬೇಜಾರಾಯಿತು. ಹುಟ್ಟೂರು ಸಿಂಗಟಗೆರೆಯಲ್ಲಿ ಅಣ್ಣನ ಮಕ್ಕಳಿದ್ದಾರೆ. ಹೋದರೆ ಎಳನೀರು ಕೆಡವಿ ಕೊಡುತ್ತಾರೆ. ಎರಡನೇ ದಿನ, "ಯಾವಾಗ್ ಹೊರಡ್ತೀಯ ಚಿಕ್ಕಪ್ಪಾ, ಬಸ್‌ಸ್ಟ್ಯಾಂಡಿಗೆ ಬಿಟ್ಬತ್ತೀನಿ" ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ಹೀಗಾಗಿ ನನಗೆ ಊರು ಅಂದರೆ ಅಜ್ಜಂಪುರ, ಮನೆ ಅಂದರೆ ಈ ಬಾಡಿಗೆ ಮನೆ, ಮನೆಯವರು ಅಂದರೆ ಹನ್ನೆರಡು ವರ್ಷ ರುದ್ರಪ್ಪ ಮೇಷ್ಟ್ರು.

ರುದ್ರಪ್ಪನವರು ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಅಮೃತಾಪುರದವರು. ಹೆಂಡತಿ ಮಕ್ಕಳು, ತೆಂಗಿನ ತೋಟ ಎಲ್ಲಾ ಅಲ್ಲೇ. ವಾರವೆಲ್ಲ ನನ್ನ ಜೊತೆ ಈ ಮನೆಯಲ್ಲಿದ್ದು ಶನಿವಾರ ಶಾಲೆ ಬಿಟ್ಟ ಕೂಡಲೇ ತರೀಕೆರೆ ಬಸ್ಸು ಹತ್ತುತ್ತಿದ್ದರು. ಹಣೆಗೆ ಮೂರು ಗೆರೆ ವಿಭೂತಿ, ಕೈಯಲ್ಲಿ ಸೀಮೆಸುಣ್ಣದ ಪುಡಿ. ಮನೆಯಲ್ಲಿ ಅನ್ನ ಸಾರು ನನ್ನದು, ರೊಟ್ಟಿ ಪಲ್ಯ ಅವರದು. ನನ್ನ ಸಾರಿಗೆ ಉಪ್ಪು ಹೆಚ್ಚಾದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಎರಡು ಲೋಟ ಮಜ್ಜಿಗೆ ಕುಡಿಯುತ್ತಿದ್ದರು, ಅಷ್ಟೇ.

ಅವರಿಗೊಂದು ಹುಚ್ಚಿತ್ತು. ಮಳೆ ಅಳೆಯುವುದು. ಅಂಗಳದ ಮೂಲೆಯಲ್ಲಿ ಎಣ್ಣೆಯ ಡಬ್ಬವೊಂದನ್ನು ಇಟ್ಟು, ಬಾಯಿಗೆ ಲಾಳಿಕೆ ಸಿಕ್ಕಿಸಿದ್ದರು. ಬೆಳಿಗ್ಗೆ ಎಂಟೂವರೆಗೆ ಡಬ್ಬದ ನೀರನ್ನು ಗಾಜಿನ ಅಳತೆ ಕೊಳವೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓದಿ, ಬರೆದಿಡುತ್ತಿದ್ದರು. ನಮ್ಮ ಕಡೆ ಮಳೆ ಎಷ್ಟೆಂದು ನಿಮಗೆ ಗೊತ್ತಲ್ಲ. ವರ್ಷದಲ್ಲಿ ಮುಕ್ಕಾಲು ಪಾಲು ದಿನ ಅವರು ಸೊನ್ನೆಯನ್ನೇ ಬರೆಯಬೇಕಾಗಿತ್ತು. "ಸೊನ್ನೆ ಬರೆಯೋಕೆ ಡಬ್ಬ ಯಾಕ್ರೀ?" ಎಂದು ನಾನು ಕಾಡಿಸುತ್ತಿದ್ದೆ. "ನೋಡ್ದೇ ಬರ್ದ ಸೊನ್ನೆ ಬ್ಯಾರೆ, ನೋಡಿ ಬರ್ದ ಸೊನ್ನೆ ಬ್ಯಾರೆ ಕಣ್ರೀ ಮೇಷ್ಟ್ರೇ" ಅನ್ನುತ್ತಿದ್ದರು. ಭಾನುವಾರ ಅವರಿರುತ್ತಿರಲಿಲ್ಲವಲ್ಲ, ಆ ದಿನದ ಅಳತೆ ನನ್ನ ಪಾಲಿಗೆ. ಚೀಟಿಯಲ್ಲಿ ಬರೆದಿಟ್ಟು ಸೋಮವಾರ ಕೊಡುತ್ತಿದ್ದೆ.

ಬರೆದಿಟ್ಟ ನೋಟ್‌ಬುಕ್ಕಿಗೆ ಗೆದ್ದಲು ಹತ್ತಿದ ವರ್ಷ ಲ್ಯಾಪ್‌ಟಾಪಿನ ಮಾತು ಬಂತು. ಇಬ್ಬರಿಗೂ ಬೇಕು, ಇಬ್ಬರಿಗೂ ಪೂರ್ತಿ ಬೇಡ. ಸೇರಿ ಕಡೂರಿಗೆ ಹೋಗಿ ಒಂದನ್ನೇ ತಂದೆವು. ತಂದ ದಿನವೇ ತಕರಾರು. ನನಗೆ ರೂಢಿಯಾಗಿದ್ದದ್ದು ವಿಂಡೋಸ್. ಅವರು ಮೇಷ್ಟ್ರುಗಳ ತರಬೇತಿಯಲ್ಲಿ ಲಿನಕ್ಸ್ ಕಲಿತು ಬಂದು ಅದನ್ನು ಬಿಟ್ಟರೆ ಬೇರೆ ಮುಟ್ಟುವುದಿಲ್ಲ ಎಂದು ಕೂತಿದ್ದರು. "ಪಾಲು ಮಾಡಿದ್ರಾಯ್ತು ಬಿಡ್ರಿ" ಎಂದು ಅವರೇ ದಾರಿ ತೋರಿಸಿದರು.

ನಮ್ಮ ಮನೆತನಗಳಲ್ಲಿ ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ಒಂದು ಕ್ರಮವಿದೆ. ಪಾಲು ಕತ್ತರಿಸಿದವನು ಮೊದಲು ಆರಿಸಿಕೊಳ್ಳುವಂತಿಲ್ಲ. ದೊಡ್ಡವನು ಭಾಗ ಮಾಡಿ ಕೈಕಟ್ಟಿ ನಿಲ್ಲಬೇಕು, ಚಿಕ್ಕವನು ಬೇಕಾದ್ದನ್ನು ಎತ್ತಿಕೊಳ್ಳಬೇಕು. ಆಗ ಕತ್ತರಿಸುವವನ ಕೈ ತಾನಾಗಿ ನೇರವಾಗುತ್ತದೆ. ರುದ್ರಪ್ಪನವರು ಆ ವರ್ಷವೇ ತಮ್ಮನ ಜೊತೆ ತೋಟ ಭಾಗ ಮಾಡಿಕೊಂಡಿದ್ದರು. ಬಾವಿ ಇರುವ ಕಡೆಯನ್ನು ತಮ್ಮ ಆರಿಸಿಕೊಂಡ, ರಸ್ತೆಯ ಕಡೆಯದು ಇವರಿಗೆ ಉಳಿಯಿತು. ಲ್ಯಾಪ್‌ಟಾಪಿನ ಡಿಸ್ಕನ್ನೂ ಅದೇ ಕ್ರಮದಲ್ಲಿ ಸರಿಸಮ ಎರಡು ಮಾಡಿ, "ಆರಿಸ್ಕಳಿ" ಎಂದರು. ವಿಂಡೋಸ್ ಆಗಲೇ ಇದ್ದ ಭಾಗವನ್ನು ನಾನು ಎತ್ತಿಕೊಂಡೆ. ಉಳಿದದ್ದರಲ್ಲಿ ಅವರು ಲಿನಕ್ಸ್ ಹಾಕಿದರು. ಎಲ್ಲ ಮುಗಿದ ಮೇಲೆ ಕಪ್ಪು ಪರದೆಯ ಆ ಎರಡು ಸಾಲು ತೋರಿಸಿ ಒಂದು ಮಾತು ಹೇಳಿದರು: "ಇಲ್ಲೂ ದಾರಿ ಇರೋ ಪಾಲು ನಂದೇ ಆಯ್ತು ನೋಡ್ರಿ. ಈ ಎರಡು ಸಾಲು ಇರೋದು ನನ್ ಪಾಲ್ನಾಗೆ, ನೀವು ನಿಮ್ ಪಾಲಿಗೆ ಹೋಗ್ಬೇಕಂದ್ರೆ ನನ್ ಪಾಲು ದಾಟ್ಕೊಂಡೇ ಹೋಗ್ಬೇಕು. ಹೆದ್ರಬ್ಯಾಡಿ, ಬೇಲಿ ಹಾಕಲ್ಲ."

ನಾನು ನಕ್ಕು ಮರೆತೆ. ಹೀಗೆ ಎಷ್ಟು ಮಾತು ಮರೆತಿದ್ದೇನೋ.

ಅವರು ನನಗಿಂತ ಮೊದಲು ನಿವೃತ್ತರಾದರು. ಹೊರಡುವಾಗ, "ಲ್ಯಾಪ್‌ಟಾಪ್ ನಿಮ್ಮತ್ರಾನೇ ಇರ್ಲಿ. ನನ್ ಪಾಲು ಹಂಗೇ ಇರ್ಲಿ. ತಿಂಗ್ಳಿಗೊಂದ್ಸಲ ಬಂದು ಮಳೆ ಬರ್ಕಂಡ್ ಹೋಯ್ತೀನಿ" ಎಂದರು. ಹಾಗೇ ನಡೆಯಿತು. ದಿನಾ ನಾನು ಅಳೆದು ಚೀಟಿ ಬರೆಯುತ್ತಿದ್ದೆ, ತಿಂಗಳಿಗೊಮ್ಮೆ ಅವರು ಬಂದು ಪಟ್ಟಿಗೆ ಸೇರಿಸುತ್ತಿದ್ದರು, ಉಂಡು ಹೋಗುತ್ತಿದ್ದರು. ಆ ದಿನಕ್ಕಾಗಿ ನಾನು ಎರಡು ದಿನ ಮೊದಲೇ ಮನೆ ಗುಡಿಸುತ್ತಿದ್ದೆ.

ಆಮೇಲೆ ಅವರ ಮಗಳ ಮದುವೆ ಬಂತು. ನಮ್ಮಲ್ಲಿ ಬೇಕಾದವರನ್ನು ಕರೆಯುವುದೆಂದರೆ ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆ ಹಿಡಿದು ಬಾಗಿಲಿಗೆ ಬರಬೇಕು. ನನಗೆ ಬಂದದ್ದು ಮೊಬೈಲಿಗೆ ಒಂದು ಚಿತ್ರ. ಅದರ ಕೆಳಗೆ "ಬರಲೇಬೇಕು" ಎಂದಿತ್ತು. ಹನ್ನೆರಡು ವರ್ಷ ಒಂದೇ ಪಾತ್ರೆಯ ಅನ್ನ ಉಂಡವನಿಗೆ ಇಷ್ಟೇನಾ ಎಂದು ಎದೆ ಉರಿಯಿತು. ಅಂಗಳಕ್ಕೆ ಹೋಗಿ ಮಳೆಯ ಡಬ್ಬವನ್ನು ಬೋರಲು ಹಾಕಿದೆ. ಮದುವೆಗೆ ಹೋಗಲಿಲ್ಲ. ಅವರ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಮೂರನೇ ಸಲ ಬಂದರೆ ಎತ್ತೋಣ ಎಂದುಕೊಂಡಿದ್ದೆ, ಬರಲಿಲ್ಲ. ತಿಂಗಳ ಭೇಟಿಯೂ ನಿಂತಿತು.

ಮುಂದಿನ ಒಂದೂವರೆ ವರ್ಷದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ನಾನೂ ನಿವೃತ್ತನಾದೆ. ಅನ್ನಕ್ಕೆ ಇಡುವ ಅಕ್ಕಿಯ ಅಳತೆ ಮಾತ್ರ ಕೈಗೆ ತಪ್ಪುತ್ತಲೇ ಇತ್ತು, ದಿನಾ ಉಳಿಯುತ್ತಿತ್ತು. ಬೆಳಿಗ್ಗೆ ಲ್ಯಾಪ್‌ಟಾಪ್ ಹಚ್ಚಿದರೆ ಮೊದಲು ಅವರ ಸಾಲೇ ಬೆಳಗುತ್ತಿತ್ತು. ಎಣಿಕೆ ಮುಗಿಯುವ ಮೊದಲು ಬಾಣದ ಗುಂಡಿ ಒತ್ತಿ ತಪ್ಪಿಸಿಕೊಂಡು ನನ್ನ ಪಾಲಿಗೆ ಹೋಗುತ್ತಿದ್ದೆ. ಸಾಯಂಕಾಲದವರೆಗೂ ಕಂಡಕಂಡ ಪ್ರವಚನ, ಹಳೇ ನಾಟಕ ಎಲ್ಲ ಇಳಿಸಿಕೊಂಡು ನೋಡುವುದೇ ಕೆಲಸ. ಮನೆಯಲ್ಲಿ ಒಂದು ದನಿ ಇರಲಿ ಅಂತ.

ಹಾಗೆ ಇಳಿಸಿ ಇಳಿಸಿ, ಕೆಲವು ತಿಂಗಳ ಹಿಂದೆ ಒಂದು ದಿನ ಯಂತ್ರ ಜಾಗ ಸಾಲದು ಎಂದಿತು. ಡಿಸ್ಕಿನ ನಕ್ಷೆ ತೆರೆದೆ. ನನ್ನ ಪಾಲು ತುಂಬಿತ್ತು, ಪಕ್ಕದಲ್ಲೇ ಅಷ್ಟೇ ದೊಡ್ಡ ಇನ್ನೊಂದು ಪಾಲು, ಹೆಸರಿಲ್ಲದೆ ಬಿದ್ದಿತ್ತು. ಅಳಿಸು ಎಂಬಲ್ಲಿ ಒತ್ತಿದೆ. ಇದನ್ನು ವಿಂಡೋಸ್ ಮಾಡಿದ್ದಲ್ಲ, ಬೇರೆಯವರದ್ದೇನಾದರೂ ಇದರಲ್ಲಿ ಇರಬಹುದು, ಅಳಿಸಲೇ ಎಂದು ಅದು ಕೇಳಿತು. ಪಾಪ, ಯಂತ್ರಕ್ಕೂ ಅಷ್ಟು ಸಂಕೋಚ. ಮಳೆಯ ಪಟ್ಟಿ ಅದರಲ್ಲಿರುವುದು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಜಾಗ ಬರೀ ನೆವ. ಹೌದು ಎಂದು ಒತ್ತಿದೆ.

ಮಾರನೆಯ ಬೆಳಿಗ್ಗೆ ಗುಂಡಿ ಒತ್ತಿದರೆ ಎರಡು ಸಾಲಿಲ್ಲ, ಎಣಿಕೆ ಇಲ್ಲ. ಅಂಥ ಪಾಲೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು, ಅದರ ಕೆಳಗೆ ಮಿಟುಕುವ ಒಂದು ಗೀಟು. ಹತ್ತು ಸಲ ಆರಿಸಿ ಹಚ್ಚಿದರೂ ಅದೇ. ಏನಾದರೂ ಟೈಪು ಮಾಡಬೇಕೇನೋ ಎಂದು 'ಯೆಸ್' ಎಂದು ಹೊಡೆದೆ. ಗೊತ್ತಿಲ್ಲದ ಆಜ್ಞೆ ಎಂದಿತು. 'ಹೆಲ್ಪ್' ಎಂದೆ, ಅದೂ ಗೊತ್ತಿಲ್ಲ. ಕೊನೆಗೆ ನಾಚಿಕೆ ಬಿಟ್ಟು 'ಸಾರಿ' ಎಂದು ಹೊಡೆದೆ. ಅದಂತೂ ಅದಕ್ಕೆ ಸುತರಾಂ ಗೊತ್ತಿರಲಿಲ್ಲ. ಕಡೂರಿನ ಅಂಗಡಿಗೆ ಫೋನು ಮಾಡಿದರೆ, "ಪೂರ್ತಿ ಫಾರ್ಮ್ಯಾಟ್ ಹೊಡಿಬೇಕಾಗುತ್ತೆ ಸಾರ್, ಒಳಗಿರೋದೆಲ್ಲ ಹೋಗುತ್ತೆ" ಎಂದರು.

ಫೋನು ಇಟ್ಟು ಕಿಟಕಿಯಾಚೆ ನೋಡಿದರೆ ಅಂಗಳದಲ್ಲಿ ಡಬ್ಬ ಬೋರಲಾಗಿ ಬಿದ್ದಿತ್ತು. ಆಗ ಅವರ ಮಾತು ನೆನಪಾಯಿತು. ದಾರಿ ಅವರ ಪಾಲಿನಲ್ಲಿತ್ತು. ಅವರು ಬೇಲಿ ಹಾಕಲಿಲ್ಲ, ನಾನೇ ಅಗೆದು ಹಾಕಿದ್ದೆ. ನನ್ನ ಪ್ರವಚನ ನಾಟಕ ಹೋದರೆ ಹೋಗಲಿ. ಒಬ್ಬ ಮನುಷ್ಯ ದಿನಾ ಎದ್ದು ನೋಡಿ ಬರೆದ ಅಷ್ಟು ವರ್ಷದ ಮಳೆ, ಅಷ್ಟು ಸೊನ್ನೆ, ಬೇರೆಲ್ಲೂ ಇರಲಿಲ್ಲ. ಲ್ಯಾಪ್‌ಟಾಪನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ತರೀಕೆರೆ ಬಸ್ಸು ಹತ್ತಿದೆ. ಅಲ್ಲಿಂದ ಅಮೃತಾಪುರದ ಬಸ್ಸು.

ಬಾಗಿಲು ತೆಗೆದದ್ದು ಅವರ ಹೆಂಡತಿ. "ಅಯ್ಯೋ ಬನ್ನಿ ಮೇಷ್ಟ್ರೇ. ಮದ್ವೇಗೂ ಬರ್ಲಿಲ್ವಲ್ಲ ನೀವು? ಇವ್ರಿಗೆ ಆಗ ಜ್ವರ ಬಂದು ಕೈಕಾಲು ಹಿಡ್ಕಂಬಿಟ್ಟಿದ್ವು. ಒಂದ್ ಮನೆಗೂ ಪತ್ರಿಕೆ ಕೊಡೋಕ್ ಹೋಗ್ಲಿಲ್ಲ. ಮೈದ್ನ ಹತ್ರದ ಊರಿಗೆಲ್ಲ ಕೊಟ್ಬಂದ್ರು. ಮೇಷ್ಟ್ರು ತಪ್ಪು ತಿಳ್ಕತಾರೋ ಏನೋ ಅಂತ ಇವ್ರು ಒಂದೇ ಸಮ ಅಂತಿದ್ರು." ನಾನು ಚೀಲ ಹಿಡಿದುಕೊಂಡು ಹಾಗೇ ನಿಂತೆ. ನಿಲ್ಲಲು ಅಲ್ಲಿ ಜಾಗ ಸಾಲದು ಅನ್ನಿಸಿತು.

ರುದ್ರಪ್ಪನವರು ಜಗುಲಿಗೆ ಬಂದರು. ನಡಿಗೆ ನಿಧಾನವಾಗಿತ್ತು, ವಿಭೂತಿಯ ಗೆರೆ ಮಾತ್ರ ಮೊದಲಿನಂತೆ ನೇರ. "ಏನ್ರೀ ಮೇಷ್ಟ್ರೇ, ಲ್ಯಾಪ್‌ಟಾಪ್ ಹೊತ್ಕಂಡ್ ಬಂದ್ಬಿಟ್ಟಿದೀರಲ್ಲ" ಎಂದರು. ಅದನ್ನು ಹಚ್ಚಿ, ಕಪ್ಪು ಪರದೆಯ ಸಾಲು ಓದಿದರು. ಮುಖ ಒಂದು ಗಳಿಗೆ ಗಟ್ಟಿಯಾಯಿತು. ಯಂತ್ರ ಆರಿಸಿ, ಮತ್ತೆ ಹಚ್ಚುವಾಗ ಕೀಲಿಮಣೆಯ ಮೇಲಿನ ಸಾಲಿನ ಯಾವುದೋ ಗುಂಡಿಯನ್ನು ಒತ್ತಿ ಹಿಡಿದರು. ಪಟ್ಟಿಯೊಂದು ಬಂತು. ಅದರಲ್ಲಿ ಒಂದನ್ನು ಆಯ್ದುಕೊಂಡರು. ವಿಂಡೋಸ್ ಎದ್ದಿತು.

"ತಗಳಿ, ನಿಮ್ದು ಸರಿಹೋಯ್ತು. ಇದೂ ಒಂದ್ ದಾರಿ."

ನನ್ನ ಕೆಲಸ ಆಗಿತ್ತು. ಚೀಲಕ್ಕೆ ಹಾಕಿಕೊಂಡು ಎದ್ದು ಬರಬಹುದಿತ್ತು. ಅವರು ಕೇಳುವಂತೆಯೂ ಇರಲಿಲ್ಲ.

"ನಿಮ್ ಪಾಲು ನಾನೇ ಅಳಿಸಿದೆ ರುದ್ರಪ್ನೋರೇ" ಎಂದೆ. "ತಿಳಿದೇ ಅಳಿಸಿದೆ. ಸಿಟ್ಟಿತ್ತು."

"ಗೊತ್ತಾಯ್ತು, ನೋಡಿದ್ ತಕ್ಷಣ." ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಆಮೇಲೆ ಆ ಜಾಗ್ದಾಗೆ ಏನಾರ ತುಂಬಿದ್ರಾ?"

"ಇಲ್ಲ. ಅಷ್ಟರಲ್ಲಿ ಇದು ನಿಂತೋಯ್ತು."

"ಹಂಗಾರೆ ಗಡಿ ಕಲ್ಲು ಕಿತ್ತಾಕಿದೀರ ಅಷ್ಟೇ. ನೆಲ ಅಲ್ಲೇ ಐತೆ. ಕೂತ್ಕಳಿ."

ಒಳಗಿನಿಂದ ಪೆನ್‌ಡ್ರೈವ್ ತಂದು ಸಿಕ್ಕಿಸಿ, ಅದರಿಂದ ಲಿನಕ್ಸ್ ಎಬ್ಬಿಸಿ, ಅಳಿಸಿಹೋದ ಪಾಲಿನ ಗಡಿ ಹುಡುಕಲು ಬಿಟ್ಟರು. ಹುಡುಕಾಟ ಬಹಳ ಹೊತ್ತು ನಡೆಯಿತು. ನಾವಿಬ್ಬರೂ ಪರದೆಯನ್ನೇ ನೋಡುತ್ತಾ ಕೂತೆವು. ಅವರ ಹೆಂಡತಿ ತಂದಿಟ್ಟ ಮಜ್ಜಿಗೆ ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ಒಂದು ಸಾಲು ಹಸಿರಾಗಿ ಮೂಡಿತು. ಅವರು ಕನ್ನಡಕ ಸರಿಮಾಡಿಕೊಂಡು ಗಡಿಯ ಅಂಕಿಗಳನ್ನು ಎರಡು ಸಲ ಓದಿ ಎಂಟರ್ ಒತ್ತಿದರು. ಆರಿಸಿ ಹಚ್ಚಿದರೆ ಎರಡು ಸಾಲು, ಹತ್ತರಿಂದ ಇಳಿಯುವ ಎಣಿಕೆ. ನನ್ನ ಕಣ್ಣು ತುಂಬಿದ್ದನ್ನು ಅವರು ನೋಡಲಿಲ್ಲ, ಅಥವಾ ನೋಡಲಿಲ್ಲ ಅನ್ನುವಂತೆ ಮಜ್ಜಿಗೆ ಎತ್ತಿಕೊಂಡರು.

ಮಳೆಯ ಪಟ್ಟಿ ಹಾಗೇ ಇತ್ತು. ದಿನ, ಅಳತೆ, ಕೊನೆಯಲ್ಲಿ ಷರಾ ಎಂಬ ಇನ್ನೊಂದು ಕಾಲಂ. ಅದನ್ನು ನಾನು ಯಾವತ್ತೂ ಓದಿರಲಿಲ್ಲ. 'ಸೊನ್ನೆ. ಮೇಷ್ಟ್ರ ಸಾರಿಗೆ ಉಪ್ಪು ಜಾಸ್ತಿ.' 'ಸೊನ್ನೆ. ಮೇಷ್ಟ್ರಿಗೆ ನೆಗಡಿ, ಕಷಾಯ ಮಾಡಿಕೊಟ್ಟೆ.' ಹೀಗೇ ವರ್ಷಗಟ್ಟಲೆ. ಕೊನೆಯ ಸಾಲು ಅವರು ಕೊನೆಯ ಸಲ ಬಂದ ದಿನದ್ದು: 'ನಾಲ್ಕು ಮಿಲಿಮೀಟರ್. ಮೇಷ್ಟ್ರು ಸೊರಗಿದ್ದಾರೆ. ಮದುವೆ ಮುಗಿದ ಮೇಲೆ ಒಂದು ವಾರ ಊರಲ್ಲಿ ಇಟ್ಟುಕೊಳ್ಳಬೇಕು.'

ಅದರ ಕೆಳಗೆ ಒಂದೂವರೆ ವರ್ಷ ಖಾಲಿ.

"ಚೀಟಿ ಇಟ್ಟಿದೀರಾ?" ಎಂದು ಕೇಳಿದರು. ಇಲ್ಲ ಎಂದೆ. ಸೊನ್ನೆ ತುಂಬಿಬಿಡೋಣವೇ ಎಂದು ಕೇಳಿದ್ದು ನನ್ನ ಬುದ್ಧಿಗೇಡಿತನ. ಅವರು ತಲೆಯಾಡಿಸಿದರು. "ನೋಡ್ದೇ ಇದ್ದದ್ದು ಖಾಲೀನೇ ಇರ್ಲಿ."

ಹೊರಡುವಾಗ ಗೇಟಿನ ತನಕ ಬಂದರು. "ಇನ್ ನನ್ಗೆ ತಿಂಗ್ಳ ತಿಂಗ್ಳ ಬಸ್ ಹತ್ತೋಕೆ ಆಗಲ್ಲ ಮೇಷ್ಟ್ರೇ. ನನ್ ಪಾಲು ನೀವೇ ನೋಡ್ಕಳಿ" ಎಂದರು. ನಾನು ಹೂಂ ಎಂದೆ. ಡಬ್ಬ ಬೋರಲಾಗಿದೆ ಎಂದು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಈಗ ಡಬ್ಬ ನೆಟ್ಟಗಿದೆ, ಅಳತೆ ಕೇಳಲು ರುದ್ರಪ್ಪನವರ ಫೋನು ಆಗಾಗ ಬರುತ್ತದೆ. ಮನೆ ಮೊದಲಿನಷ್ಟೇ ಖಾಲಿ, ಅನ್ನ ಈಗಲೂ ಉಳಿಯುತ್ತದೆ. ಗುಂಡಿ ಒತ್ತಿ ಹಿಡಿದು ನೇರವಾಗಿ ನನ್ನ ಪಾಲಿಗೆ ಹೋಗುವ ದಾರಿಯೂ ಈಗ ಗೊತ್ತು. ಆದರೆ ಎಂಟೂವರೆಯ ಹೊತ್ತಿಗೆ ನಾನು ಯಾವ ಗುಂಡಿಯನ್ನೂ ಒತ್ತುವುದಿಲ್ಲ. ಹತ್ತು ಎಣಿಸುವ ತನಕ ಕೈಕಟ್ಟಿ ಕೂರುತ್ತೇನೆ, ರುದ್ರಪ್ಪನವರ ಪಾಲು ತಾನಾಗಿ ತೆರೆದುಕೊಳ್ಳುತ್ತದೆ. ಒಲೆ ಒರೆಸಿ ಬಂದು ಇವತ್ತಿನ ಸಾಲು ತುಂಬಿದೆ. ಅಳತೆ: ಸೊನ್ನೆ. ಷರಾ: ಹಾಲು ಉಕ್ಕಿತು. ನಾಲ್ಕು ದಿನದಿಂದ ರುದ್ರಪ್ಪನವರ ಫೋನು ಬಂದಿಲ್ಲ. ನಾನೇ ಮಾಡಿದೆ.