ಎಮ್ಮಟ್‌ಗೆ ಕೊಡದ ಪುಸ್ತಕ

ಕೈಗವಸು ಹೊಲಿಯುವ ಗಾಡ್ವಿನ್‌ನ ಮಗಳು ಎಮ್ಮಟ್‌ಗೆ ಓದು ಬಂದದ್ದು ಯಾರೋ ಕೂರಿಸಿ ಕಲಿಸಿದ್ದರಿಂದಲ್ಲ. ನದಿಯ ಆಚೆ ದಡದ ದೊಡ್ಡಮನೆಯಲ್ಲಿ ಅವಳು ಕೆಲಸಕ್ಕಿದ್ದಳು. ಆ ಮನೆಯೊಡತಿ ಸಿಬಿಲ್ ಅಮ್ಮನವರು ತಮ್ಮ ಮಗಳಿಗೆ ಪ್ರಾರ್ಥನೆಯ ಪುಸ್ತಕ ಓದಿಸಲು ಒಬ್ಬ ಪಾದ್ರಿಯನ್ನು ಇಟ್ಟಿದ್ದರು. ಪಾಠದ ಹೊತ್ತಿಗೆ ಹಿಂದೆ ನಿಂತು ಮಗುವಿನ ತಲೆ ಬಾಚುವುದು ಎಮ್ಮಟ್ ಕೆಲಸ. ಮಗು ಬೆರಳಿಟ್ಟ ಅಕ್ಷರವನ್ನು ಇವಳು ಮೇಲಿನಿಂದ ನೋಡುತ್ತಿದ್ದಳು. ಮಗುವಿಗೆ ಓದು ಬೇಸರವಾಯಿತು, ಇವಳಿಗೆ ಬಂದುಬಿಟ್ಟಿತು. ಅಮ್ಮನವರಿಗೆ ತಿಳಿದಾಗ ಸಿಟ್ಟಾಗಲಿಲ್ಲ, ನಕ್ಕರು. ನೆಂಟರು ಬಂದಾಗ ಅವಳನ್ನು ಕರೆದು ನಿಲ್ಲಿಸಿ ಓದಿಸುತ್ತಿದ್ದರು. ಮಾತು ಕಲಿತ ಹಕ್ಕಿಯನ್ನು ತೋರಿಸುತ್ತಾರಲ್ಲ, ಹಾಗೆ.

ಭಾನುವಾರ ಪೂಜೆ ಮುಗಿದ ಮೇಲೆ ಅವಳು ನಮ್ಮ ಬೀದಿಗೆ ಬರುತ್ತಿದ್ದಳು. ನನ್ನ ಗಂಡ ದನದ ಕೊಬ್ಬು ಕರಗಿಸಿ ದೀಪದ ಬತ್ತಿ ಎರೆಯುತ್ತಿದ್ದ. ನಮ್ಮದೂ ಅವಳ ಅಪ್ಪನದೂ ಒಂದೇ ಗೋಡೆ. ಬೀದಿಯ ಹೆಂಗಸರು ಅವಳನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಏನೇ ಎಮ್ಮಟ್, ಸನ್ಯಾಸಿನಿಯರ ಮಠಕ್ಕೆ ಯಜಮಾನಿ ಆಗ್ತೀಯೇನೆ?"

"ಅಲ್ಲಿಗೂ ವರದಕ್ಷಿಣೆ ತರ್ಬೇಕಂತೆ ಕಣಕ್ಕ. ಯೇಸುಸ್ವಾಮಿಗೂ ಬಡವರ ಮನೆ ಹೆಣ್ಣು ಬ್ಯಾಡವಂತೆ," ಎಂದು ಅವಳೇ ಮೊದಲು ನಗುತ್ತಿದ್ದಳು.

ಅವಳಿಗೆ ಒಬ್ಬನೇ ತಮ್ಮ, ಹಾಬ್. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಇವಳೇ. ಆಳು ಗಟ್ಟಿ, ಬುದ್ಧಿ ಮಂದ. ದೊಡ್ಡಮನೆಗೆ ಸೌದೆ ಹೊರುತ್ತಿದ್ದ. ಒಂದು ದಿನ ಅಮ್ಮನವರ ಪುಸ್ತಕದ ಬೆಳ್ಳಿ ಕೊಂಡಿಗಳ ಮೇಲೆ ಅವನ ಕಣ್ಣು ಬಿತ್ತು. ಪುಸ್ತಕವನ್ನೇ ಎತ್ತಿಕೊಂಡು ಹೋಗಿ, ಕೊಂಡಿ ಕಿತ್ತು ಮಾರಿ, ಉಳಿದದ್ದನ್ನು ನದಿಗೆ ಎಸೆಯಲು ಹೊರಟಿದ್ದನಂತೆ. ಎಮ್ಮಟ್ ಅವನ ಕೈಯಿಂದ ಕಿತ್ತುಕೊಂಡಳು. ಸಮಯ ನೋಡಿ ಮತ್ತೆ ಅದರ ಜಾಗದಲ್ಲಿ ಇಡೋಣವೆಂದು ತನ್ನ ಹುಲ್ಲುಹಾಸಿನ ಕೆಳಗೆ ಬಚ್ಚಿಟ್ಟಳು. ಹುಡುಕಿದವರಿಗೆ ಅದು ಅಲ್ಲೇ ಸಿಕ್ಕಿತು.

"ಓದೋಕೆ ಬರೋಳು ಇವಳೊಬ್ಬಳೇ," ಎಂದರು ಅಮ್ಮನವರು. "ಪುಸ್ತಕ ಇನ್ಯಾರಿಗೆ ಬೇಕು?"

ಬೆಳ್ಳಿ ಕೊಂಡ ಅಕ್ಕಸಾಲಿ ಹಾಬ್‌ನ ಹೆಸರು ಹೇಳಿದ. ಅಕ್ಕ ತಮ್ಮ ಇಬ್ಬರೂ ಸೆರೆಮನೆ ಸೇರಿದರು. ಅಂಥ ಕಳವಿಗೆ ನೇಣು.

ನಾನು ಕಪ್ಪು ರೊಟ್ಟಿ, ಬಟಾಣಿ ಗಂಜಿ ಒಯ್ದು ಕೊಡುತ್ತಿದ್ದೆ. ಹೋದಾಗಲೆಲ್ಲ ಎಮ್ಮಟ್ ತಮ್ಮನಿಗೆ ಲ್ಯಾಟಿನ್ ಕೀರ್ತನೆಯ ಒಂದು ಸಾಲನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಹಿಂದಿನ ಚಳಿಗಾಲದಲ್ಲಿ ಮನುಷ್ಯನನ್ನೇ ಕೊಂದ ಕಟುಕನೊಬ್ಬ ನ್ಯಾಯಾಧೀಶರ ಮುಂದೆ ಆ ಸಾಲನ್ನು ಓದಿ ಬದುಕಿಕೊಂಡಿದ್ದ. ಪುಸ್ತಕ ಕೊಟ್ಟು ಓದಿಸುವುದು ಯಾವಾಗಲೂ ಅದೊಂದೇ ಸಾಲು. ಓದು ಬಂದವನು ಪಾದ್ರಿಗೆ ಸಮ, ಅವನು ಬಿಷಪ್ಪರ ಪಾಲು, ರಾಜನ ಹಗ್ಗ ಅವನನ್ನು ಮುಟ್ಟುವ ಹಾಗಿಲ್ಲ. ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು.

"ಸೌದೆ ಹೊರು ಅಂದ್ರೆ ಹೊರ್ತೀನಿ ಕಣಕ್ಕ. ಇದನ್ನ ಹೊರಾಕಾಗಲ್ಲ," ಎಂದು ಹಾಬ್ ಅಳುತ್ತಿದ್ದ. ಮೂರನೆಯ ಮಾತಿಗೇ ಅವನ ನಾಲಗೆ ತೊಡರುತ್ತಿತ್ತು.

ಕೊನೆಗೆ ಅವಳು ಕಂಬಿಯ ಹತ್ತಿರ ಬಂದು ನನಗೆ ಹೇಳಿದಳು: "ಇವನ ಕೈಲಾಗಲ್ಲ. ನಾನೇ ಕದ್ದೆ, ಮಾರೋಕೆ ಇವನ್ನ ಕಳಿಸಿದೆ, ಇವನಿಗೇನೂ ಗೊತ್ತಿಲ್ಲ ಅಂದ್ಬಿಡ್ತೀನಿ."

"ಹುಚ್ಚು ಗಿಚ್ಚು ಹಿಡೀತೇನೆ ನಿಂಗೆ? ನೇಣಿಗೆ ಹಾಕ್ತಾರೆ."

"ಯಾಕ್ ಹಾಕ್ತಾರೆ? ನಂಗೆ ಓದು ಬತ್ತದಲ್ಲ. ಕಟುಕನ್ನೇ ಬಿಟ್ಟೋರು ನನ್ನ ಬಿಡಲ್ವಾ?"

ಸರಿಯೆನಿಸಿತು ನನಗೆ. ಬೀದಿಯವರಿಗೂ ಸರಿಯೆನಿಸಿತು. ಓದು ಬರುವ ಹೆಂಗಸು ನಮ್ಮಂಥವರಲ್ಲಿ ಹಿಂದೆ ಒಬ್ಬಳೂ ಇರಲಿಲ್ಲ, ಹಾಗಾಗಿ ಯಾರೂ ಈ ಮಾತನ್ನು ಕೇಳಿ ನೋಡಿರಲಿಲ್ಲ.

ಲಂಡನ್ನಿನಿಂದ ನ್ಯಾಯಾಧೀಶರು ಬಂದರು. ಎಮ್ಮಟ್ ಅಂದುಕೊಂಡ ಹಾಗೆಯೇ ಹೇಳಿದಳು. ಹಾಬ್‌ನ ಕೈಕೋಳ ಬಿಚ್ಚಿದರು. ಅವಳಿಗೆ ನೇಣು ಎಂದರು. ಅವಳು ಹೆದರಲಿಲ್ಲ, ತಲೆವಸ್ತ್ರ ಸರಿಮಾಡಿಕೊಂಡಳು.

"ಸ್ವಾಮಿ, ಪುಸ್ತಕ ಕೊಡಿ. ನಂಗೆ ಓದು ಬತ್ತದೆ."

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ವಯಸ್ಸಾದ ಮನುಷ್ಯ, ದನಿಯೂ ಒರಟಾಗಿರಲಿಲ್ಲ.

"ಬರಬಹುದಮ್ಮ. ಆದರೆ ಹೆಂಗಸು ಪಾದ್ರಿ ಆಗೋ ಹಾಗಿಲ್ಲ. ಆಗೋ ಹಾಗಿಲ್ಲದವಳಿಗೆ ಆ ರಿಯಾಯಿತಿಯೂ ಇಲ್ಲ. ನೀನು ಓದಿದರೂ ಒಂದೇ, ಓದದಿದ್ದರೂ ಒಂದೇ."

"ಒಂದ್ಸಲ ಕೇಳಿ ಸ್ವಾಮಿ. ಪುಸ್ತಕ ಬ್ಯಾಡ, ಹಂಗೇ ಹೇಳ್ತೀನಿ," ಎಂದು ಅವಳು ಆ ಸಾಲನ್ನು ಹೇಳಲು ಶುರುಮಾಡಿದಳು. ಅಷ್ಟರಲ್ಲಿ ಗುಮಾಸ್ತ ಮುಂದಿನವರ ಹೆಸರು ಕೂಗಿದ.

ಬಾಗಿಲ ಹತ್ತಿರವಿದ್ದ ಹಾಬ್ ಕದ್ದದ್ದು ತಾನೆನ್ನುವವನ ಹಾಗೆ ಬಾಯಿ ತೆರೆದ. ಎಮ್ಮಟ್ ಅವನನ್ನೇ ನೋಡುತ್ತಿದ್ದಳು. ಬೇಡವೆಂದು ತಲೆಯಾಡಿಸಿದಳು. ಚಿಕ್ಕವನಿದ್ದಾಗ ಬಿಸಿ ಗಂಜಿಗೆ ಕೈ ಹಾಕಲು ಹೋದರೆ ಹೀಗೇ ಆಡಿಸುತ್ತಿದ್ದಳು. ಅವನು ಬಾಯಿ ಮುಚ್ಚಿದ.

ಅವಳನ್ನು ನೇಣಿಗೆ ಒಯ್ದ ದಿನ ನಾನು ಜೊತೆಗೆ ನಡೆದೆ. ದಾರಿಯಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ. "ಯಾರಾದ್ರೂ ಮೊದಲೇ ಹೇಳ್ಬೋದಿತ್ತು ಅಲ್ವಾ ಅಕ್ಕ," ಎಂದಳು, ಅಷ್ಟೆ.

ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಹಾಬ್ ನಮ್ಮ ಹೊಸ್ತಿಲಲ್ಲಿ ಬಂದು ಕೂತ. "ಅಕ್ಕ, ಆ ಸಾಲು ಹೇಳ್ಕೊಡಕ್ಕ. ಈ ಸಲ ಕಲೀತೀನಿ," ಎಂದ.

ನನಗೆ ಬರುವುದು ನನ್ನ ಹೆಸರಿನ ಅಕ್ಷರ ಮಾತ್ರ. "ನಂಗೆ ಬರಲ್ಲ ಕಣಪ್ಪ," ಎಂದೆ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಅವನು ಮನೆಮನೆಗೂ ಹೋಗಿ ಕೇಳಿದ. ಬರುವವರು ಯಾರೂ ಇರಲಿಲ್ಲ.