ಎರಡೂಕಾಲು ಅಡಿಯ ಮೆಟ್ಟಿಲು

ಕೋವಿಡ್ ಮುಗಿದ ಮರುವರ್ಷ ನಾನು ಲಿಂಗರಾಜಪುರದಲ್ಲಿ ಮನೆಗಳ ಪ್ಲ್ಯಾನ್ ಮಾಡಿಕೊಡುವ ಚಿಕ್ಕ ಆಫೀಸು ನಡೆಸುತ್ತಿದ್ದೆ. ಆಗ ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು ನಮ್ಮಕ್ಕನ ಮನೆ. ಕೆ.ಆರ್. ಪುರದಲ್ಲಿ ಹದಿನೈದಕ್ಕೆ ಮೂವತ್ತು ಅಡಿಯ ಸೈಟು, ಮೂರು ಕಡೆ ಪಕ್ಕದವರ ಗೋಡೆ. ಅಕ್ಕ, ಭಾವ, ಓದುವ ಮಗಳು, ಜೊತೆಗೆ ಅಕ್ಕನ ಹೊಲಿಗೆ ಮೆಷಿನ್ನು. ಎಲ್ಲಕ್ಕೂ ಅಷ್ಟರಲ್ಲೇ ಜಾಗ ಆಗಬೇಕಿತ್ತು.

ಕೆಳಗಿನ ಹಾಲಿಗೆ ಸ್ಲೈಡಿಂಗ್ ಪಾರ್ಟಿಷನ್, ಅಂದರೆ ಸರಿಸುವ ಗೋಡೆ, ಹಾಕಿಸಿದೆ. ಎಳೆದರೆ ಎರಡು ಕೋಣೆ, ತಳ್ಳಿದರೆ ಒಂದೇ. ಮೇಲಿನ ಕೋಣೆಯ ಮಂಚ, ಬೀರುಗಳನ್ನು ಗೋಡೆಯೊಳಗೇ ಸೇರುವಂತೆ ಅಲ್ಲೇ ಮಾಡಿಸಿದೆ. ಜಾಗ ಉಳಿಸಲು ಮೆಟ್ಟಿಲಿನ ಅಗಲವನ್ನು ಎರಡೂಕಾಲು ಅಡಿಗೆ ಇಳಿಸಿ, ತಿರುವಿನಲ್ಲಿ ಚಪ್ಪಟೆ ಲ್ಯಾಂಡಿಂಗ್ ಬದಲು ತ್ರಿಕೋನದ ಮೆಟ್ಟಿಲು ಕೊಟ್ಟೆ.

ಭಾವ ನಕ್ಷೆ ನೋಡಿ, "ಏನ್ ಬಾಮೈದ, ಮನೆ ಕಟ್ತಿದ್ದೀಯೋ, ಟ್ರಂಕ್ ಮಾಡ್ತಿದ್ದೀಯೋ?" ಎಂದರು. ಅಕ್ಕನಿಗೆ ಮಾತ್ರ ಮೆಟ್ಟಿಲು ಹಿಡಿಸಲಿಲ್ಲ. ಮೇಲಕ್ಕೆ ಸಾಗಿಸುವ ದೊಡ್ಡ ಸಾಮಾನೇ ಇಲ್ಲವಲ್ಲ ಎಂದು ಸಮಾಧಾನ ಹೇಳಿದೆ. ಬೇರೆ ಮನೆಗಳಲ್ಲಿ ಬೀರು ಏರಿಸುವ ದಿನವೇ ಮೆಟ್ಟಿಲಿನ ತಪ್ಪು ಗೊತ್ತಾಗುತ್ತದೆ. ಈ ಮನೆಗೆ ಅಂಥ ದಿನ ಬರಲೇ ಇಲ್ಲ.

ಅವರು ಆ ಮನೆ ಸೇರಿದ ಎರಡನೆಯ ವರ್ಷ ಒಂದು ಮಧ್ಯಾಹ್ನ ಭಾವ ಮೇಲಿನ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ನಾನು ತಲುಪುವ ಹೊತ್ತಿಗೆ ಆಂಬುಲೆನ್ಸ್‌ನವರು ಅವರನ್ನು ಸ್ಟ್ರೆಚರ್ ಮೇಲೆ ಹೊತ್ತು ತಿರುವಿನಲ್ಲಿ ನಿಂತಿದ್ದರು. ಓರೆ ಮಾಡಿದರು, ಎತ್ತಿ ನೋಡಿದರು, ತಿರುಗಲಿಲ್ಲ. "ಸಾರ್, ಇದು ಇಳಿಯಲ್ಲ. ಬೆಡ್‌ಶೀಟ್ ಕೊಡಿ," ಎಂದ ಒಬ್ಬ. ಮತ್ತೆ ಮೇಲಕ್ಕೆ ಒಯ್ದು, ಬೆಡ್‌ಶೀಟಿನಲ್ಲಿ ಮೂಟೆಯಂತೆ ಇಳಿಸಿದೆವು. ಆಸ್ಪತ್ರೆ ಸೇರುವಷ್ಟರಲ್ಲಿ ಉಸಿರು ನಿಂತಿತ್ತು. ಬೇಗ ತಂದಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು.

ಭಾವನನ್ನು ಮನೆಗೆ ತಂದು ಹಾಲಿನಲ್ಲಿ ಮಲಗಿಸಿದಾಗ ಯಾರೋ ಪಾರ್ಟಿಷನ್ ತಳ್ಳಿದರು. ಬಂದವರೆಲ್ಲ ಕೂತರು. ಇಷ್ಟು ಚಿಕ್ಕ ಮನೆಯಲ್ಲಿ ಎಷ್ಟೊಂದು ಜನ ಹಿಡಿಸಿದರು ಎಂದು ನೆಂಟರೊಬ್ಬರು ನನ್ನನ್ನು ಹೊಗಳಿದರು. ನಾನು ಎದ್ದು ಬೀದಿಗೆ ಹೋದೆ.

ಅಕ್ಕ ಬಯ್ಯಲಿಲ್ಲ. ತಿಥಿ ಮುಗಿದ ಮೇಲೆ ಇಷ್ಟೇ ಹೇಳಿದಳು: "ಮೆಟ್ಲು ಅಗಲ ಮಾಡ್ಕೊಡೋ. ನಾನೂ ಒಂದಿನ ಇಳೀಬೇಕಲ್ಲ."

ಮಾಡಿಕೊಟ್ಟೆ. ಅವಳು ಹೊಲಿಯಲು ಕೂರುತ್ತಿದ್ದ ಜಾಗ ಅದಕ್ಕೇ ಹೋಯಿತು.

ನಿಂತವರಿಗೆ, ಕೂತವರಿಗೆ, ಮಲಗಿದವರಿಗೆ ಎಷ್ಟು ಜಾಗ ಬೇಕೆಂದು ನಾನು ಓದಿ ಕಲಿತಿದ್ದೆ. ಒಬ್ಬರನ್ನು ಹೊತ್ತು ಇಳಿಸಲು ಎಷ್ಟು ಬೇಕೆಂದು ಈ ಮನೆಯಿಂದ ಕಲಿತೆ. ಈಗ ಪ್ರತಿ ಪ್ಲ್ಯಾನಿನ ಮೇಲೂ ನಕ್ಷೆಯ ಪ್ರಮಾಣಕ್ಕೆ ಕುಗ್ಗಿಸಿದ ಸ್ಟ್ರೆಚರ್ ಅಳತೆಯ ರಟ್ಟಿನ ತುಂಡೊಂದನ್ನು ಮೆಟ್ಟಿಲಿನಿಂದ ಬಾಗಿಲವರೆಗೆ ಸರಿಸಿ ನೋಡುತ್ತೇನೆ. ಅದೇನೆಂದು ಮನೆ ಕಟ್ಟಿಸುವವರು ಕೇಳಿದರೆ ಮುಚ್ಚಿಡುವುದಿಲ್ಲ. ಅಪಶಕುನ ಎಂದುಕೊಂಡು ಒಂದಿಬ್ಬರು ಮತ್ತೆ ಬರಲಿಲ್ಲ.